ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ: ಹಿರಿಯರ ಆರೋಗ್ಯ ವಿಮೆಯ ವಿಚಾರ



ಬೋರ್ಡೋ ದ್ರಾವಣದ ಹದ, ಕಾಯಿಕೊರಕದ ಹತೋಟಿ, ಮಂಡಿಯ ಧಾರಣೆ, ಗೊಬ್ಬರದ ಲಭ್ಯತೆ, ಇವುಗಳ ಬಗ್ಗೆ ಬರೆಯುವುದು ಈ ಪತ್ರಿಕೆಯ ವಾಡಿಕೆ. ಈ ಸಲ ಅದನ್ನು ಸ್ವಲ್ಪ ಬದಿಗಿಟ್ಟು, ನಮ್ಮ ಸಂಘದ ಎಷ್ಟೋ ಮನೆಗಳಿಗೆ ಸಂಬಂಧಪಟ್ಟ ಇನ್ನೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಕಾಫಿಯ ಹೂಮಳೆ ಆಗಿ, ಬ್ಯಾಕಿಂಗ್ ಮಳೆಯೂ ಬಿದ್ದಿತೆಂದರೆ ನಮ್ಮ ಹಿರಿಯ ಸದಸ್ಯರಲ್ಲಿ ಹಲವರು ಪೆಟ್ಟಿಗೆ ಕಟ್ಟಲು ತೊಡಗುತ್ತಾರೆ. ಮಗನೋ ಮಗಳೋ ಅಮೆರಿಕಾದಲ್ಲಿದ್ದಾರೆ, ಕೆನಡಾದಲ್ಲಿದ್ದಾರೆ, ಆಸ್ಟ್ರೇಲಿಯಾದಲ್ಲಿದ್ದಾರೆ. ಮಳೆಗಾಲ ಅಲ್ಲಿ ಕಳೆದು, ಅಡಕೆ ಕೊಯ್ಲಿನ ಹೊತ್ತಿಗೆ ಊರಿಗೆ ವಾಪಸು. ಇದು ಈಗ ನಮ್ಮ ಸೀಮೆಯ ಹೊಸ ಪದ್ಧತಿ.

ಹೋಗುವ ಮುನ್ನ ಅವರು ಸಂಘದ ಕಚೇರಿಗೆ ಬಂದು ಕೇಳುವುದು ತೋಟದ ಮೇಲುಸ್ತುವಾರಿ, ಬೆಳೆಸಾಲದ ಕಂತು, ಅಡಕೆ ಮಾರಾಟದ ಅಧಿಕಾರಪತ್ರ, ಇಂಥವನ್ನು. "ಆರೋಗ್ಯ ವಿಮೆ ಏನು ಮಾಡಿದ್ದೀರಿ?" ಎಂದು ನಾನು ಕೇಳಿದರೆ "ಅದೆಲ್ಲ ಮಗ ನೋಡಿಕೊಂಡಿದ್ದಾನೆ" ಎಂಬ ಉತ್ತರ ಬರುತ್ತದೆ. ಮಗನನ್ನು ಕೇಳಿದರೆ "ಅಪ್ಪ ಊರಲ್ಲೇ ಮಾಡಿಸಿಕೊಂಡಿದ್ದಾರೆ" ಎನ್ನುತ್ತಾನೆ. ಇಬ್ಬರ ನಡುವೆ ಆ ಕೆಲಸ ಎಲ್ಲಿಯೋ ಉಳಿದುಹೋಗಿರುತ್ತದೆ. ಇದರಿಂದ ಏನಾಗಬಹುದೆಂಬುದನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಆದ್ದರಿಂದ ಅಲ್ಲಿಂದಲೇ ಪ್ರಾರಂಭಿಸುತ್ತೇನೆ.

ನಮ್ಮ ಮನೆಯಲ್ಲಿ ನಡೆದದ್ದು

2019ರ ಏಪ್ರಿಲ್‌ನಲ್ಲಿ ನನ್ನ ಅಣ್ಣ ಮತ್ತು ಅತ್ತಿಗೆ ನ್ಯೂಜೆರ್ಸಿಯಲ್ಲಿರುವ ಮಗನ ಮನೆಗೆ ಹೋದರು. ಅಣ್ಣನಿಗೆ ಆಗ 71 ವರ್ಷ, ಅತ್ತಿಗೆಗೆ 67. ಪ್ರಯಾಣದ ವಿಮೆಯನ್ನು ಟಿಕೆಟಿನ ಜೊತೆಯಲ್ಲೇ ಒಬ್ಬ ಏಜೆಂಟರು ಮಾಡಿಸಿಕೊಟ್ಟರು. ಅರ್ಜಿಯಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದೆಯೇ ಎಂಬ ಪ್ರಶ್ನೆಯ ಮುಂದೆ "ಇಲ್ಲ" ಎಂದು ಬರೆದದ್ದೂ ಅವರೇ. "ಹೌದು ಎಂದರೆ ಕಂತು ಜಾಸ್ತಿ, ತಪಾಸಣೆ ಬೇರೆ" ಎಂದರಂತೆ. ಅತ್ತಿಗೆ ಎಂಟು ವರ್ಷದಿಂದ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಅಣ್ಣ ಓದದೆ ಸಹಿ ಹಾಕಿದರು.

ಜುಲೈನಲ್ಲಿ ಒಂದು ರಾತ್ರಿ ಅತ್ತಿಗೆಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿ, ರಕ್ತನಾಳಕ್ಕೆ ಎರಡು ಸ್ಟೆಂಟ್ ಹಾಕಿದರು. ನಾಲ್ಕು ರಾತ್ರಿ ಅಲ್ಲಿದ್ದರು, ಜೀವ ಉಳಿಯಿತು. ಬಿಲ್ಲು ಬಂದದ್ದು ಒಂದು ಲಕ್ಷ ಡಾಲರಿಗೂ ಮೇಲೆ, ಆಗಿನ ಲೆಕ್ಕದಲ್ಲಿ 70 ಲಕ್ಷ ರೂಪಾಯಿ ದಾಟುವ ಮೊತ್ತ. ವಿಮೆ ಮಾಡಿಸಿದ್ದೇ 50 ಸಾವಿರ ಡಾಲರಿಗೆ. ಆ 50 ಸಾವಿರವೂ ಬರಲಿಲ್ಲ. ಏಕೆಂದರೆ ಆಸ್ಪತ್ರೆಯ ವೈದ್ಯರು ಕೇಳಿದಾಗ ಅತ್ತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು: ಎಂಟು ವರ್ಷದಿಂದ ಮಾತ್ರೆ, ಇಂಥ ಹೆಸರಿನದು, ದಿನಕ್ಕೆ ಒಂದು. ಅದು ಆಸ್ಪತ್ರೆಯ ದಾಖಲೆಗೆ ಹೋಯಿತು. ಅರ್ಜಿಯ ಸುಳ್ಳೂ ಅತ್ತಿಗೆಯ ನಿಜವೂ ವಿಮಾ ಕಂಪೆನಿಯ ಮೇಜಿನ ಮೇಲೆ ಎದುರುಬದುರಾದವು. ಕ್ಲೇಮು ತಿರಸ್ಕೃತವಾಯಿತು.

ಆ ವಾರ ಇಲ್ಲಿ ಬಿಡದೆ ಮಳೆ. ಎರಡನೆಯ ಸಲದ ಮದ್ದು ಹೊಡೆಯಲು ಹೊಳವಾಗದೆ ನಾನು ಜಗುಲಿಯಲ್ಲಿ ಕೂತಿದ್ದೆ. ಅಣ್ಣನ ಫೋನು ಬಂತು. ಕೊಳೆ ಬಂದಿದೆಯೇ ಎಂದು ಕೇಳಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಮ್ಮಾ, ಕೆಳಗಿನ ತೋಟಕ್ಕೆ ಈಗ ಏನು ಬೆಲೆ ಬರಬಹುದು, ಯಾರಿಗೂ ಹೇಳದೆ ಸ್ವಲ್ಪ ವಿಚಾರಿಸು" ಎಂದರು. ಕೆಳಗಿನ ತೋಟ ನಮ್ಮ ತಂದೆ ಸ್ವತಃ ಗುದ್ದಲಿ ಹಿಡಿದು ಬಸಿಗಾಲುವೆ ತೆಗೆದು ಮಾಡಿದ್ದು. ಆ ತೋಟ ಏನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಇದೇ ತಪ್ಪು ಇನ್ನೊಂದು ಮನೆಯಲ್ಲಿ ಆಗಬಾರದೆಂಬುದೇ ಈ ಲೇಖನದ ಉದ್ದೇಶ.

ಮೊದಲು ತಿಳಿಯಬೇಕಾದ ಸೂತ್ರ

ಬ್ಯಾಂಕಿನ ಹಣ ಯಾವ ದೇಶಕ್ಕಾದರೂ ಹೋಗುತ್ತದೆ. ಆರೋಗ್ಯ ವಿಮೆ ಹಾಗೆ ಗಡಿ ದಾಟುವುದಿಲ್ಲ. ನಮ್ಮ ಸಾಮಾನ್ಯ ಆರೋಗ್ಯ ಪಾಲಿಸಿ ಭಾರತದ ಆಸ್ಪತ್ರೆಗಳಿಗೆ ಮಾತ್ರ. ಅಮೆರಿಕಾದ ಸರ್ಕಾರಿ ವಿಮೆಯಾದ ಮೆಡಿಕೇರ್, ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟರೆ, ಅಮೆರಿಕಾದ ಒಳಗೆ ಮಾತ್ರ. ಪ್ರಯಾಣದ ವಿಮೆ ಆ ಪ್ರಯಾಣಕ್ಕೆ ಮಾತ್ರ. ಎರಡೂ ದೇಶಗಳಲ್ಲಿ ಚಿಕಿತ್ಸೆ ಕೊಡುವ ಜಾಗತಿಕ ಪಾಲಿಸಿಗಳನ್ನು ಕೆಲವು ಕಂಪೆನಿಗಳು ಮಾರುತ್ತವೆ. ಅವುಗಳ ಕಂತು ಬಹಳ ಹೆಚ್ಚು, ಮತ್ತು ಎಷ್ಟೋ ಪಾಲಿಸಿಗಳಲ್ಲಿ ಅಮೆರಿಕಾ, ಕೆನಡಾ ಎರಡನ್ನೂ ಹೊರಗಿಟ್ಟಿರುತ್ತಾರೆ.

ಆದ್ದರಿಂದ ಎರಡು ದೇಶದಲ್ಲಿ ಕಾಲ ಕಳೆಯುವವನಿಗೆ ಬಹುಮಟ್ಟಿಗೆ ಎರಡು ಏರ್ಪಾಡು ಬೇಕು. ಇಲ್ಲಿಯದು ಒಂದು, ಅಲ್ಲಿಯದು ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿ ನೋಡೋಣ.

ಇಲ್ಲಿಯ ಏರ್ಪಾಡು

ನಮ್ಮ ದೇಶದಲ್ಲಿ ಸಾಮಾನ್ಯ ವಿಮೆಯ ರಾಷ್ಟ್ರೀಕರಣವಾಗಿ 1973ರಲ್ಲಿ ನಾಲ್ಕು ಸರ್ಕಾರಿ ಕಂಪೆನಿಗಳು ಏರ್ಪಟ್ಟವು. ಮೆಡಿಕ್ಲೇಮ್ ಎಂಬ ಆಸ್ಪತ್ರೆ ವೆಚ್ಚದ ಪಾಲಿಸಿ 1986ರಲ್ಲಿ ಬಂತು. ಈಗ ಖಾಸಗಿ ಕಂಪೆನಿಗಳೂ ಅನೇಕ. ಎಲ್ಲಕ್ಕೂ ನಿಯಮ ಹಾಕುವುದು ವಿಮಾ ನಿಯಂತ್ರಣ ಪ್ರಾಧಿಕಾರ.

ಈ ಪ್ರಾಧಿಕಾರ 2024ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮಗಳು ವಯಸ್ಸಾದವರಿಗೆ ಅನುಕೂಲವಾಗಿವೆ. ಮೊದಲು 65 ವರ್ಷ ದಾಟಿದವರಿಗೆ ಹೊಸ ಪಾಲಿಸಿ ಸಿಗುವುದೇ ಕಷ್ಟವಾಗಿತ್ತು. ಆ ವಯೋಮಿತಿಯನ್ನು ತೆಗೆದುಹಾಕಲಾಗಿದೆ. ಪಾಲಿಸಿ ತೆಗೆದುಕೊಳ್ಳುವಾಗಲೇ ಇದ್ದ ಕಾಯಿಲೆಗೆ ಹಣ ಕೊಡಲು ಕಂಪೆನಿ ಹೆಚ್ಚೆಂದರೆ 48 ತಿಂಗಳು ಕಾಯಿಸಬಹುದಿತ್ತು. ಈಗ 36 ತಿಂಗಳು. ಐದು ವರ್ಷ, ಎಂದರೆ 60 ತಿಂಗಳು, ಎಡೆಬಿಡದೆ ಪಾಲಿಸಿ ನಡೆಸಿದ ಮೇಲೆ, "ನೀವು ಇಂಥದನ್ನು ತಿಳಿಸಿರಲಿಲ್ಲ" ಎಂಬ ಕಾರಣ ಒಡ್ಡಿ ಕ್ಲೇಮು ನಿರಾಕರಿಸುವಂತಿಲ್ಲ. ವಂಚನೆಯೆಂದು ಸಾಬೀತಾದರೆ ಮಾತ್ರ ಬೇರೆ ಮಾತು. ಮೊದಲು ಇದಕ್ಕೆ 8 ವರ್ಷ ಬೇಕಾಗಿತ್ತು.

ಹಣ ಕಟ್ಟದೆ ಆಸ್ಪತ್ರೆ ಸೇರುವ ಸೌಲಭ್ಯವಿದ್ದಲ್ಲಿ ಕಂಪೆನಿ ಒಂದು ಗಂಟೆಯೊಳಗೆ ಒಪ್ಪಿಗೆ ತಿಳಿಸಬೇಕು, ಬಿಡುಗಡೆಯ ವೇಳೆ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು ಎಂದೂ 2024ರಲ್ಲೇ ಆಜ್ಞೆಯಾಗಿದೆ. 60 ದಾಟಿದವರ ಕಂತನ್ನು ಪ್ರಾಧಿಕಾರದೊಡನೆ ಸಮಾಲೋಚಿಸದೆ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚಿಸಬಾರದೆಂದು 2025ರ ಜನವರಿಯಲ್ಲಿ ಸೂಚನೆ ಹೊರಟಿದೆ. ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲೆ ಇದ್ದ ಶೇಕಡಾ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ.

ಇಷ್ಟೆಲ್ಲ ಅನುಕೂಲದ ಹಿಂದೆ ಒಂದು ಷರತ್ತಿದೆ. ಪಾಲಿಸಿ ಕಡಿಯದೆ ನಡೆದಿರಬೇಕು. ನಮ್ಮ ಅಣ್ಣ ಮಾಡಿದ ಎರಡನೆಯ ತಪ್ಪು ಇಲ್ಲಿಯೇ. "ಇನ್ನು ಅರ್ಧ ವರ್ಷ ಅಲ್ಲೇ ಇರುತ್ತೇವೆ, ಇಲ್ಲಿ ದಂಡಕ್ಕೆ ಏಕೆ ಕಂತು ಕಟ್ಟಬೇಕು" ಎಂದು 2018ರಲ್ಲಿ, ಹನ್ನೊಂದು ವರ್ಷ ನಡೆಸಿದ್ದ ಪಾಲಿಸಿಯನ್ನು ಬಿಟ್ಟುಬಿಟ್ಟರು. ಎದೆಯ ಚಿಕಿತ್ಸೆಯಾಗಿ ಊರಿಗೆ ಬಂದ ಮೇಲೆ ಅತ್ತಿಗೆಗೆ ಹೊಸ ಪಾಲಿಸಿ ಕೊಡಲು ಕೇಳಿದ ಎರಡೂ ಕಂಪೆನಿಗಳು ಒಪ್ಪಲಿಲ್ಲ. ಹಳೆಯ ಪಾಲಿಸಿ ಇದ್ದಿದ್ದರೆ ಆಮೇಲಿನ ಚಿಕಿತ್ಸೆಯೆಲ್ಲ ಅದರಲ್ಲೇ ನಡೆಯುತ್ತಿತ್ತು. ಹಳೆಯ ಪಾಲಿಸಿ ಫಲಕ್ಕೆ ಬಂದ ಅಡಕೆ ಮರವಿದ್ದ ಹಾಗೆ. ಕಡಿದು ಹಾಕಿದರೆ ಮತ್ತೆ ಸಸಿಯಿಂದಲೇ ಆರಂಭ.

ನೀವು ಎಷ್ಟೇ ತಿಂಗಳು ಹೊರಗಿರಿ, ಇಲ್ಲಿಯ ಪಾಲಿಸಿಯ ಕಂತು ತಪ್ಪಬಾರದು. ನವೀಕರಣದ ದಿನ ನೀವು ಪರದೇಶದಲ್ಲಿರುವಾಗ ಬರುವುದಾದರೆ ಬ್ಯಾಂಕಿನಿಂದ ತಾನಾಗಿ ಕಂತು ಹೋಗುವಂತೆ ಬರೆದುಕೊಟ್ಟು ಹೋಗಿ. ವಾರ್ಷಿಕ ಕಂತಿಗೆ 30 ದಿನ, ತಿಂಗಳ ಕಂತಿಗೆ 15 ದಿನ ಹೆಚ್ಚುವರಿ ಅವಕಾಶವಿದೆ. ಅದನ್ನು ದಾಟಿದರೆ ಹಿಂದಿನ ವರ್ಷಗಳ ಗಳಿಕೆ ಹೋಗಬಹುದು. ಕಂಪೆನಿ ಹಿಡಿಸದಿದ್ದರೆ ಪಾಲಿಸಿ ಬಿಡಬೇಡಿ, ಇನ್ನೊಂದು ಕಂಪೆನಿಗೆ ವರ್ಗಾಯಿಸಿಕೊಳ್ಳಿ. ಕಾದ ಅವಧಿ ಲೆಕ್ಕಕ್ಕೆ ಬರುತ್ತದೆ.

ನಮ್ಮಂಥ ಸಹಕಾರಿಗಳಿಗೆ ಯಶಸ್ವಿನಿ ಇದೆಯೆಂಬುದನ್ನು ಮರೆಯಬೇಡಿ. 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತುಹೋಗಿದ್ದ ಈ ಯೋಜನೆ 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಮತ್ತೆ ಆರಂಭವಾದಾಗ ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ನಿಗದಿಯಾಗಿತ್ತು. ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ, ನೋಂದಾಯಿತ ಆಸ್ಪತ್ರೆಗಳಲ್ಲಿ. ಪ್ರತಿ ವರ್ಷ ನೋಂದಣಿ ಅಗತ್ಯ. ನೋಂದಣಿಯ ಸಮಯಕ್ಕೆ ನೀವು ಊರಿನಲ್ಲಿಲ್ಲದಿದ್ದರೆ ಮನೆಯಲ್ಲಿರುವವರ ಕೈಯಲ್ಲಿ ಕಾಗದಪತ್ರ ಕೊಟ್ಟು ಹೋಗಿ.

ಕೇಂದ್ರ ಸರ್ಕಾರವು 2024ರ ಅಕ್ಟೋಬರ್ 29ರಂದು ಆಯುಷ್ಮಾನ್ ಭಾರತ್ ಯೋಜನೆಯನ್ನು 70 ವರ್ಷ ತುಂಬಿದ ಎಲ್ಲ ನಾಗರಿಕರಿಗೂ, ಆದಾಯ ನೋಡದೆ, ವಿಸ್ತರಿಸಿತು. ಇದೂ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಜಾರಿಯ ರೀತಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವುದರಿಂದ, ಕಾರ್ಡು ಕೈಗೆ ಬಂದು, ನೀವು ಹೋಗುವ ಆಸ್ಪತ್ರೆ ಅದನ್ನು ಒಪ್ಪುತ್ತದೆಂದು ಖಚಿತವಾಗುವವರೆಗೆ, ಇದನ್ನು ನಂಬಿ ಸ್ವಂತ ಪಾಲಿಸಿ ಬಿಡಬಾರದು.

ಅಲ್ಲಿಗೆ ಸಂದರ್ಶಕರಾಗಿ ಹೋಗುವವರು

ನಮ್ಮವರಲ್ಲಿ ಹೆಚ್ಚಿನವರು ಅಮೆರಿಕಾಕ್ಕೆ ಹೋಗುವುದು ಸಂದರ್ಶಕರ ವೀಸಾದ ಮೇಲೆ. ವಿಮಾನ ನಿಲ್ದಾಣದ ಅಧಿಕಾರಿ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಇರಲು ಅನುಮತಿ ಕೊಡುತ್ತಾರೆ. ಇವರಿಗೆ ಅಲ್ಲಿಯ ಸರ್ಕಾರಿ ವಿಮೆ ಸಿಗುವುದಿಲ್ಲ. ಮಗನ ಕಂಪೆನಿಯ ವಿಮೆಗೆ ತಂದೆತಾಯಿಯನ್ನು ಸೇರಿಸಲು ಸಾಧಾರಣವಾಗಿ ಅವಕಾಶವಿರುವುದಿಲ್ಲ. ಹೆಂಡತಿ ಮಕ್ಕಳಿಗೆ ಮಾತ್ರ. ಉಳಿಯುವುದು ಎರಡು ದಾರಿ.

ಒಂದು, ಇಲ್ಲಿಂದ ಹೊರಡುವ ಮುಂಚೆ ಭಾರತದ ಕಂಪೆನಿಯಿಂದ ತೆಗೆದುಕೊಳ್ಳುವ ವಿದೇಶ ಪ್ರಯಾಣದ ಪಾಲಿಸಿ. ಕಂತು ರೂಪಾಯಿಯಲ್ಲಿ, ಹಗುರ. ಸಾಮಾನ್ಯವಾಗಿ 180 ದಿನದವರೆಗೆ. ಹೊರಟ ಮೇಲೆ ಕೊಳ್ಳಲು ಬರುವುದಿಲ್ಲ. 70 ದಾಟಿದವರಿಗೆ ವಿಮಾ ಮೊತ್ತ ಕಡಿಮೆ, ಕೆಲವೆಡೆ ವೈದ್ಯ ತಪಾಸಣೆ ಕಡ್ಡಾಯ. ಮೊದಲೇ ಇದ್ದ ಕಾಯಿಲೆಗೆ ಹಣ ಕೊಡುವುದಿಲ್ಲ, ಇಲ್ಲವೇ ಪ್ರಾಣಾಪಾಯದ ಸಂದರ್ಭದಲ್ಲಿ ಒಂದು ಸಣ್ಣ ಮಿತಿಯವರೆಗೆ ಮಾತ್ರ ಕೊಡುತ್ತಾರೆ.

ಇನ್ನೊಂದು, ಅಮೆರಿಕಾದ ಕಂಪೆನಿಯಿಂದ ಮಕ್ಕಳು ಕೊಳ್ಳುವ ಸಂದರ್ಶಕರ ಪಾಲಿಸಿ. ಕಂತು ಡಾಲರಿನಲ್ಲಿ, ಭಾರ. ಅಲ್ಲಿಗೆ ತಲುಪಿದ ಮೇಲೂ ಕೊಳ್ಳಬಹುದು. ಆಸ್ಪತ್ರೆಗಳಿಗೆ ಅಲ್ಲಿಯ ಕಂಪೆನಿಗಳ ಪರಿಚಯ ಹೆಚ್ಚಾಗಿರುವುದರಿಂದ ಬಿಲ್ಲು ನೇರವಾಗಿ ಕಂಪೆನಿಗೇ ಹೋಗುವ ಸಂಭವ ಹೆಚ್ಚು.

ಈ ಎರಡನೆಯದರಲ್ಲಿ ಎರಡು ಜಾತಿ. ಒಂದರಲ್ಲಿ ಪ್ರತಿಯೊಂದು ಚಿಕಿತ್ಸೆಗೂ ಇಷ್ಟೆಂದು ಮೊದಲೇ ಗೊತ್ತುಮಾಡಿರುತ್ತಾರೆ: ಆಸ್ಪತ್ರೆಯ ಒಂದು ದಿನಕ್ಕೆ ಇಷ್ಟು, ಶಸ್ತ್ರಚಿಕಿತ್ಸೆಗೆ ಇಷ್ಟು. ಬಿಲ್ಲು ಅದರ ಹತ್ತರಷ್ಟಾದರೂ ಅವರು ಕೊಡುವುದು ಅಷ್ಟೇ. ಇದು ಅಗ್ಗ, ಆದ್ದರಿಂದಲೇ ಮಕ್ಕಳು ಮೋಸಹೋಗುತ್ತಾರೆ. ಇನ್ನೊಂದು ಸಮಗ್ರ ಪಾಲಿಸಿ. ಇದರಲ್ಲಿ ಮೊದಲಿನ ಇಷ್ಟು ಡಾಲರು ನಿಮ್ಮ ಸ್ವಂತ ಪಾಲು, ಅದರ ಮೇಲಿನದರಲ್ಲಿ ಶೇಕಡಾ ಇಷ್ಟನ್ನು ಕಂಪೆನಿ ಒಟ್ಟು ವಿಮಾ ಮೊತ್ತದವರೆಗೆ ಕೊಡುತ್ತದೆ. ಕೈಯಲ್ಲಿ ಹಣ ಕಡಿಮೆ ಇದ್ದರೆ ಸ್ವಂತ ಪಾಲನ್ನು ಹೆಚ್ಚಿಸಿಕೊಂಡು ಸಮಗ್ರ ಪಾಲಿಸಿಯನ್ನೇ ತೆಗೆದುಕೊಳ್ಳಿ. ಐನೂರು, ಸಾವಿರ ಡಾಲರನ್ನು ಮಗ ಹೇಗಾದರೂ ಕಟ್ಟಿಯಾನು. ಲಕ್ಷ ಡಾಲರು ಬಂದರೆ ತೋಟದ ಕಡೆ ಕೈ ಹೋಗುತ್ತದೆ.

ಸಮಗ್ರ ಪಾಲಿಸಿಗಳಲ್ಲಿ "ಹಳೆಯ ಕಾಯಿಲೆಯ ಹಠಾತ್ ಉಲ್ಬಣ"ಕ್ಕೆ ಹಣ ಕೊಡುತ್ತೇವೆಂಬ ಒಂದು ಕಲಮು ಇರುತ್ತದೆ. ಇದರ ಅರ್ಥವನ್ನು ಚೆನ್ನಾಗಿ ತಿಳಿಯಬೇಕು. ಯಾವ ಮುನ್ಸೂಚನೆಯೂ ಇಲ್ಲದೆ ತಟ್ಟನೆ ಬಂದಿರಬೇಕು. ಬಹುತೇಕ 24 ಗಂಟೆಯೊಳಗೆ ಚಿಕಿತ್ಸೆಗೆ ಹೋಗಿರಬೇಕು. ಪಾಲಿಸಿಯಲ್ಲಿ ಬರೆದ ವಯಸ್ಸಿನ ಒಳಗಿರಬೇಕು. ಮೂರು ದಿನದಿಂದ ಎದೆ ಹಿಡಿದಂತಿತ್ತು, ಮಗನಿಗೆ ತೊಂದರೆ ಕೊಡುವುದೇಕೆಂದು ಸುಮ್ಮನಿದ್ದೆ ಎಂದರೆ ಹಣ ಬರುವುದಿಲ್ಲ. ನಮ್ಮ ತಾಯಂದಿರು ನೋವು ನುಂಗುವುದರಲ್ಲಿ ನಿಸ್ಸೀಮರು. ಆ ಗುಣ ಅಲ್ಲಿ ಎರಡು ರೀತಿಯಲ್ಲಿ ಅಪಾಯಕಾರಿ. ಸಕ್ಕರೆ ಕಾಯಿಲೆಯ ಮಾಮೂಲು ತಪಾಸಣೆ, ಮಾತ್ರೆ, ಹಲ್ಲು, ಕನ್ನಡಕ, ಇವು ಸಂದರ್ಶಕರ ಪಾಲಿಸಿಯಲ್ಲಿ ಬರುತ್ತವೆಂದು ಎಣಿಸಬೇಡಿ. ಕಣ್ಣಿನ ಪೊರೆ, ಮಂಡಿಚಿಪ್ಪು, ಹರ್ನಿಯಾ ಮುಂತಾದ ಕಾದು ಮಾಡಿಸಬಹುದಾದ ಶಸ್ತ್ರಚಿಕಿತ್ಸೆಯನ್ನು ಹೋಗುವ ಮೊದಲು ಇಲ್ಲಿಯೇ ಮುಗಿಸಿಕೊಳ್ಳಿ.

ಹಸಿರು ಕಾರ್ಡು ಪಡೆದವರು

ಮಗ ಅಥವಾ ಮಗಳು ಅಮೆರಿಕಾದ ಪೌರತ್ವ ಪಡೆದಿದ್ದರೆ ತಂದೆತಾಯಿಗೆ ಕಾಯಂ ವಾಸದ ಪರವಾನಗಿ, ಎಂದರೆ ಗ್ರೀನ್ ಕಾರ್ಡ್, ಮಾಡಿಸಿಕೊಡಬಹುದು. "ಕಾರ್ಡು ಬಂತು, ಇನ್ನು ಸರ್ಕಾರವೇ ನೋಡಿಕೊಳ್ಳುತ್ತದೆ" ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು.

ಮೆಡಿಕೇರ್ 1965ರಲ್ಲಿ ಕಾನೂನಾಗಿ, 1966ರ ಜುಲೈನಿಂದ ನಡೆಯುತ್ತಿರುವ, ಮುಖ್ಯವಾಗಿ 65 ದಾಟಿದವರ ವಿಮೆ. ಅದರ ಮೊದಲ ಭಾಗ ಆಸ್ಪತ್ರೆಯ ವಾಸಕ್ಕೆ, ಎರಡನೆಯ ಭಾಗ ವೈದ್ಯರ ಸೇವೆಗೆ. ಅಲ್ಲಿ ಸುಮಾರು ಹತ್ತು ವರ್ಷ, ಲೆಕ್ಕದಲ್ಲಿ 40 ತ್ರೈಮಾಸಿಕ, ದುಡಿದು ತೆರಿಗೆ ಕಟ್ಟಿದವರಿಗೂ ಅವರ ಗಂಡ ಅಥವಾ ಹೆಂಡತಿಗೂ ಮೊದಲ ಭಾಗಕ್ಕೆ ಕಂತಿಲ್ಲ. ನಮ್ಮ ತೋಟದಲ್ಲಿ ನಲವತ್ತು ವರ್ಷ ದುಡಿದದ್ದು ಅಲ್ಲಿ ಲೆಕ್ಕಕ್ಕಿಲ್ಲ. ನಮ್ಮಂಥವರು ಗ್ರೀನ್ ಕಾರ್ಡ್ ಪಡೆದು, ಐದು ವರ್ಷ ಎಡೆಬಿಡದೆ ಅಲ್ಲಿ ವಾಸವಾಗಿದ್ದ ಮೇಲೆ, ಹಣ ಕೊಟ್ಟು ಸೇರಬಹುದು. 2025ರ ದರದಲ್ಲಿ ಮೊದಲ ಭಾಗಕ್ಕೆ ತಿಂಗಳಿಗೆ 518 ಡಾಲರು, ಎರಡನೆಯದಕ್ಕೆ 185 ಡಾಲರು, ಒಟ್ಟು 703. ಒಬ್ಬರಿಗೆ ತಿಂಗಳಿಗೆ ಸುಮಾರು 60 ಸಾವಿರ ರೂಪಾಯಿ ಆಯಿತು. ಗಂಡಹೆಂಡಿರಿಗೆ ಅದರ ಎರಡರಷ್ಟು.

ಆ ಐದು ವರ್ಷ ತುಂಬುವವರೆಗೆ ಏನು ಮಾಡಬೇಕು? ಬಡವರಿಗಾಗಿ ಇರುವ ಮೆಡಿಕೇಡ್ ಯೋಜನೆಯೂ ಬಹುತೇಕ ರಾಜ್ಯಗಳಲ್ಲಿ ಹೊಸ ಕಾರ್ಡುದಾರರಾದ ಹಿರಿಯರಿಗೆ ಮೊದಲ ಐದು ವರ್ಷ ಸಿಗುವುದಿಲ್ಲ. 2010ರ ಕಾನೂನಿನಂತೆ ಏರ್ಪಟ್ಟ ವಿಮಾ ಮಾರುಕಟ್ಟೆಯಿಂದ ಖಾಸಗಿ ಪಾಲಿಸಿ ಕೊಳ್ಳಬಹುದು. ಹಳೆಯ ಕಾಯಿಲೆ ಇದೆಯೆಂದು ಅಲ್ಲಿ ನಿರಾಕರಿಸುವಂತಿಲ್ಲ. ಇದೇ ದೊಡ್ಡ ಅನುಕೂಲ. ಕಾರ್ಡು ದೊರೆತ 60 ದಿನದೊಳಗೆ ಅರ್ಜಿ ಹಾಕಬೇಕು, ತಪ್ಪಿದರೆ ವರ್ಷದ ನೋಂದಣಿ ಕಾಲದವರೆಗೆ ಕಾಯಬೇಕು. ಕಂತಿಗೆ ಸರ್ಕಾರದ ಸಹಾಯಧನ ಆದಾಯದ ಮೇಲೆ ನಿಂತಿದೆ. ಬಡತನದ ರೇಖೆಗಿಂತ ಕಡಿಮೆ ಆದಾಯದ ಹೊಸ ಕಾರ್ಡುದಾರರಿಗೆ ಇದ್ದ ಸಹಾಯಧನವನ್ನು 2025ರ ಜುಲೈನಲ್ಲಿ ಆದ ಹೊಸ ಕಾನೂನು 2026ರಿಂದ ತೆಗೆದುಹಾಕಿದೆ. ಹಿಂದೆ ಹೋದ ನೆಂಟರ ಅನುಭವವನ್ನು ಕೇಳಿ ಈಗ ಹೊರಡುವವರು ಇದನ್ನು ಗಮನಿಸಬೇಕು.

ಇಲ್ಲೊಂದು ಇಕ್ಕಟ್ಟೂ ಇದೆ. ಗ್ರೀನ್ ಕಾರ್ಡ್ ಅಲ್ಲಿ ವಾಸಿಸುವವನಿಗೆ ಕೊಟ್ಟದ್ದು. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವಾಪಸು ಹೋಗುವಾಗ ಪ್ರಶ್ನೆ ಏಳುತ್ತದೆ. ಮರುಪ್ರವೇಶದ ಪರವಾನಗಿ ಇಲ್ಲದೆ ಒಂದು ವರ್ಷ ದಾಟಿದರೆ ಕಾರ್ಡೇ ಹೋಗುವ ಅಪಾಯ. ಕೊಯ್ಲು, ಕಣ, ಮಾರಾಟ, ಮಗಳ ಬಾಣಂತನ ಎಂದು ಊರಿನಲ್ಲೇ ಹೆಚ್ಚು ಕಾಲ ನಿಲ್ಲುವವರು ಕಾರ್ಡು ಮಾಡಿಸಿಕೊಳ್ಳುವ ಮುನ್ನ ಎರಡು ಸಲ ಯೋಚಿಸಲಿ. ವರ್ಷಕ್ಕೆ ನಾಲ್ಕೈದು ತಿಂಗಳು ಮೊಮ್ಮಕ್ಕಳ ಮುಖ ನೋಡಿ ಬರುವವರಿಗೆ ಸಂದರ್ಶಕರ ವೀಸಾ ಮತ್ತು ಒಳ್ಳೆಯ ಪ್ರಯಾಣದ ಪಾಲಿಸಿಯೇ ಸಾಕೆಂಬುದು ನನ್ನ ಅಭಿಪ್ರಾಯ.

ಅಲ್ಲಿ ದುಡಿದು ಊರಿಗೆ ಮರಳುವವರು

ಇನ್ನು ಕೆಲವರು, ಅಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತರಾಗಿ, ಹಿರಿಯರ ಮನೆಗೆ ಹೆಂಚು ಬದಲಿಸಿ ಬಂದು ನೆಲೆಸುತ್ತಿದ್ದಾರೆ. ಇವರಿಗೆ ಮೆಡಿಕೇರ್ ಉಂಟು, ಆದರೆ ಅದು ಇಲ್ಲಿಯ ಆಸ್ಪತ್ರೆಗೆ ಒಂದು ಕಾಸೂ ಕೊಡುವುದಿಲ್ಲ. ಹಾಗೆಂದು ಎರಡನೆಯ ಭಾಗದ ಕಂತು ನಿಲ್ಲಿಸಿದರೆ, ಮುಂದೆ ಮತ್ತೆ ಸೇರುವಾಗ ತಪ್ಪಿದ ಪ್ರತಿ ಪೂರ್ಣ ವರ್ಷಕ್ಕೆ ಶೇಕಡಾ 10ರಂತೆ ಹೆಚ್ಚು ಕಂತು, ಅದೂ ಸಾಮಾನ್ಯವಾಗಿ ಕೊನೆಯವರೆಗೆ. ಸೇರಲು ಜನವರಿಯಿಂದ ಮಾರ್ಚ್‌ವರೆಗಿನ ಅವಧಿಗೆ ಕಾಯಬೇಕಾಗಿಯೂ ಬರುತ್ತದೆ. ಕಾಯಂ ಆಗಿ ಇಲ್ಲೇ ಇರುವುದು ಖಚಿತವಾದವರು ಬಿಡಬಹುದು. ಹೋಗಿ ಬಂದು ಮಾಡುವವರು ಬಿಡದಿರುವುದೇ ಕ್ಷೇಮ.

ಮೆಡಿಕೇರ್‌ಗೆ ಪೂರಕವಾದ ಮೆಡಿಗ್ಯಾಪ್ ಎಂಬ ಪಾಲಿಸಿಗಳಲ್ಲಿ ಕೆಲವು ಪರದೇಶದ ತುರ್ತು ಚಿಕಿತ್ಸೆಗೆ ಸಹಾಯ ಮಾಡುತ್ತವೆ. ಪ್ರವಾಸದ ಮೊದಲ 60 ದಿನದಲ್ಲಿ ತುರ್ತು ಬಂದರೆ, 250 ಡಾಲರು ಸ್ವಂತ ಪಾಲು ಕಳೆದು, ಶೇಕಡಾ 80ರಷ್ಟು. ಜೀವಮಾನಕ್ಕೆಲ್ಲ 50 ಸಾವಿರ ಡಾಲರು ಮಿತಿ. ಎರಡು ತಿಂಗಳಿಗೆ ಬಂದು ಹೋಗುವವರಿಗೆ ಇದು ಸಾಕು. ಆರು ತಿಂಗಳು ನಿಲ್ಲುವವರು ಇಲ್ಲಿಯ ಪಾಲಿಸಿಯನ್ನು ತೆಗೆದುಕೊಳ್ಳಬೇಕು, ಮತ್ತು ಹಳೆಯ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದಾದ್ದರಿಂದ, ನಿವೃತ್ತಿಗೆ ಮೂರು ವರ್ಷ ಮೊದಲೇ ತೆಗೆದುಕೊಳ್ಳಬೇಕು. ಪೌರತ್ವ ಬದಲಾಗಿದ್ದರೂ ಇಲ್ಲಿಯ ಕಂಪೆನಿಗಳು ಪಾಲಿಸಿ ಕೊಡುತ್ತವೆ. ಆದರೆ 70 ದಾಟಿದವರ ಸರ್ಕಾರಿ ಯೋಜನೆ ಭಾರತದ ನಾಗರಿಕರಿಗೆ ಮಾತ್ರ.

ಬೇರೆ ದೇಶಗಳು

ಕೆನಡಾದಲ್ಲಿ ತಂದೆತಾಯಿ, ಅಜ್ಜಅಜ್ಜಿಯರಿಗಾಗಿ 2011ರಿಂದ ಸೂಪರ್ ವೀಸಾ ಇದೆ. 2022ರ ಜುಲೈನಿಂದ ಒಂದೇ ಸಲಕ್ಕೆ ಐದು ವರ್ಷದವರೆಗೆ ಇರಬಹುದು. ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ, ಪ್ರವೇಶದಿಂದ ಒಂದು ವರ್ಷ ನಡೆಯುವ ಆರೋಗ್ಯ ವಿಮೆ ತೋರಿಸದೆ ವೀಸಾ ಇಲ್ಲ. 2025ರ ಜನವರಿಯಿಂದ ಕೆನಡಾದ ನಿಯಂತ್ರಕರು ಒಪ್ಪಿದ ಹೊರದೇಶದ ಕಂಪೆನಿಗಳ ಪಾಲಿಸಿಗೂ ಅವಕಾಶವಾಗಿದೆ.

ಬ್ರಿಟನ್ನಿನಲ್ಲಿ ಸಂದರ್ಶಕರು ಆಸ್ಪತ್ರೆಗೆ ದಾಖಲಾದರೆ ಅಲ್ಲಿಯ ಸರ್ಕಾರಿ ಸೇವೆಯ ದರದ ಒಂದೂವರೆಪಟ್ಟು ತೆರಬೇಕು. ಆಸ್ಟ್ರೇಲಿಯಾ ಕೆಲವು ದೇಶಗಳೊಡನೆ ಪರಸ್ಪರ ಚಿಕಿತ್ಸೆಯ ಒಪ್ಪಂದ ಮಾಡಿಕೊಂಡಿದೆ. ಭಾರತ ಆ ಪಟ್ಟಿಯಲ್ಲಿಲ್ಲ. ಎರಡು ಕಡೆಗೂ ವಿಮೆಯಿಲ್ಲದೆ ಹೊರಡಬಾರದು.

ಅಲ್ಲಿ ಕಷ್ಟ ಬಂದರೆ

ಅಮೆರಿಕಾದ 1986ರ ಕಾನೂನಿನ ಪ್ರಕಾರ, ಮೆಡಿಕೇರ್‌ನೊಡನೆ ಸಂಬಂಧವಿರುವ ಆಸ್ಪತ್ರೆಯ ತುರ್ತು ವಿಭಾಗ, ಹಣ ಇದೆಯೋ ಇಲ್ಲವೋ ಎಂದು ನೋಡದೆ, ಬಂದವರನ್ನು ಪರೀಕ್ಷಿಸಿ ಅಪಾಯದಿಂದ ಪಾರುಮಾಡಲೇಬೇಕು. ಬಹುತೇಕ ಎಲ್ಲ ದೊಡ್ಡ ಆಸ್ಪತ್ರೆಗಳೂ ಇದಕ್ಕೆ ಒಳಪಟ್ಟಿವೆ. ಆದ್ದರಿಂದ ಖರ್ಚಿಗೆ ಹೆದರಿ ತಡಮಾಡಬೇಡಿ. ಚಿಕಿತ್ಸೆ ಆಮೇಲೆ ಪುಕ್ಕಟೆಯಾಗುವುದಿಲ್ಲ, ಬಿಲ್ಲು ಬಂದೇ ಬರುತ್ತದೆ, ಜೀವ ಮೊದಲು.

ಸೇರಿದ ಕೂಡಲೇ ಪಾಲಿಸಿಯಲ್ಲಿರುವ ದೂರವಾಣಿಗೆ ಮಗನಿಂದ ತಿಳಿಸಿ. ವೈದ್ಯರಿಗೆ ನಿಜ ಹೇಳಿ. ಬಿಲ್ಲು ಬಂದಾಗ ಒಟ್ಟು ಮೊತ್ತ ನೋಡಿ ಎದೆಗೆಡಬೇಡಿ. ಬಾಬ್ತುವಾರು ಪಟ್ಟಿ ಕೇಳಿ. ಲಾಭರಹಿತ ಆಸ್ಪತ್ರೆಗಳು ಅಶಕ್ತರಿಗೆ ರಿಯಾಯಿತಿ ಕೊಡುವ ಲಿಖಿತ ಪದ್ಧತಿಯನ್ನು ಇಟ್ಟಿರಲೇಬೇಕೆಂದು ಅಲ್ಲಿಯ ಕಾನೂನಿದೆ. ಅದರ ಅರ್ಜಿ ಕೇಳಿ ಪಡೆಯಬೇಕು. ಓದದೆ ಯಾವ ಕಾಗದಕ್ಕೂ ಸಹಿ ಬೇಡ.

ಹೊರಡುವ ಮೊದಲು ಮಾಡಬೇಕಾದ ಕೆಲಸ

1. ಇಲ್ಲಿಯ ಪಾಲಿಸಿಯ ನವೀಕರಣದ ದಿನಾಂಕ ನೋಡಿ, ಕಂತಿನ ಏರ್ಪಾಡು ಮಾಡಿ.

2. ಪ್ರಯಾಣದ ಪಾಲಿಸಿಯ ಅರ್ಜಿಯನ್ನು ನೀವೇ ಓದಿ, ಇರುವ ಕಾಯಿಲೆಗಳನ್ನೆಲ್ಲ ಬರೆಯಿರಿ. ಏಜೆಂಟರು ಬೇಡವೆಂದರೂ ಬರೆಯಿರಿ.

3. ವಿಮಾ ಮೊತ್ತ, ಸ್ವಂತ ಪಾಲು, ಹಳೆಯ ಕಾಯಿಲೆಯ ಕಲಮು, ವಯೋಮಿತಿ, ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಮಗನಿಗೂ ಒಂದು ಪ್ರತಿ ಕಳಿಸಿ.

4. ಸುಮಾರು ಮೂರು ತಿಂಗಳ ಮಾತ್ರೆ, ವೈದ್ಯರ ಚೀಟಿಯೊಡನೆ, ಮೂಲ ಪೊಟ್ಟಣದಲ್ಲೇ ಒಯ್ಯಿರಿ. ಚೀಟಿಯಲ್ಲಿ ಔಷಧದ ಮೂಲ ಹೆಸರು ಇರಲಿ. ನಮ್ಮ ಕಂಪೆನಿ ಹೆಸರು ಅಲ್ಲಿ ತಿಳಿಯದು.

5. ಹಿಂದಿನ ಚಿಕಿತ್ಸೆಯ ದಾಖಲೆ, ಇತ್ತೀಚಿನ ಇಸಿಜಿ, ರಕ್ತಪರೀಕ್ಷೆಯ ಪ್ರತಿಗಳು ಕೈಚೀಲದಲ್ಲಿರಲಿ.

6. ಪಾಲಿಸಿ ಮುಗಿಯುವ ದಿನ, ವಾಪಸು ಟಿಕೆಟಿನ ದಿನಕ್ಕಿಂತ ಎರಡು ವಾರವಾದರೂ ಮುಂದೆ ಇರಲಿ.

ಕೊಳೆ ಬಿದ್ದ ಮೇಲೆ ಮದ್ದು ಹೊಡೆದರೆ ಉದುರಿದ ಕಾಯಿ ಮರಕ್ಕೆ ಹೋಗುವುದಿಲ್ಲವೆಂಬುದು ನಮಗೆಲ್ಲ ಗೊತ್ತು. ಮಳೆ ಹಿಡಿಯುವ ಮೊದಲೇ ಕೊನೆಗೆ ಮದ್ದು ಮುಟ್ಟಿರಬೇಕು. ವಿಮೆಯ ಕೆಲಸವೂ ಮುಂಗಾರಿನ ಮೊದಲಿನ ಕೆಲಸ.

ನಮ್ಮ ಅಣ್ಣನ ವಿಷಯ ಹೇಳಿ ಮುಗಿಸುತ್ತೇನೆ. ಆ ಆಸ್ಪತ್ರೆಯ ಒಬ್ಬ ಸಮಾಜ ಕಾರ್ಯಕರ್ತೆ ರಿಯಾಯಿತಿಯ ಅರ್ಜಿಯ ವಿಚಾರ ತಿಳಿಸಿದರು. ತೋಟದ ಪಹಣಿ, ಅಡಕೆ ಮಾರಿದ ಪಟ್ಟಿ, ಬ್ಯಾಂಕಿನ ಸಾಲದ ಲೆಕ್ಕ, ಎಲ್ಲವನ್ನೂ ಇಂಗ್ಲಿಷಿಗೆ ತರ್ಜುಮೆ ಮಾಡಿಸಿ ನಾನೇ ಕಳಿಸಿದೆ. ಎಂಟು ತಿಂಗಳು ಪತ್ರವ್ಯವಹಾರ ನಡೆದು, ಬಿಲ್ಲು ಕಾಲುಭಾಗಕ್ಕೂ ಕಡಿಮೆಗೆ ಇಳಿಯಿತು. ಅದನ್ನು ಮಗ ಕಂತಿನಲ್ಲಿ ಕಟ್ಟಿದ. ಮನೆ ಕೊಳ್ಳಬೇಕೆಂದಿದ್ದವನು ಮೂರು ವರ್ಷ ಮುಂದೂಡಿದ. ಕೆಳಗಿನ ತೋಟ ಉಳಿಯಿತು. ಅದಕ್ಕೆ ಬೆಲೆ ವಿಚಾರಿಸು ಎಂದು ಅಣ್ಣ ಹೇಳಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ಅವರ ಅನುಮತಿ ಪಡೆದೇ ಬರೆದಿದ್ದೇನೆ. "ಬರಿ, ಇನ್ನೊಬ್ಬರಿಗಾದರೂ ಉಪಯೋಗವಾಗಲಿ" ಎಂದರು. ನಿಯಮ ಬದಲಾದ ಮೇಲೆ 2024ರಲ್ಲಿ ಅತ್ತಿಗೆಗೆ ಇಲ್ಲಿ ಹೊಸ ಪಾಲಿಸಿ ಸಿಕ್ಕಿದೆ. ಈ ಸಲದ ಅರ್ಜಿಯನ್ನು ಅವರೇ ಕನ್ನಡಕ ಹಾಕಿಕೊಂಡು ಕೂತು ತುಂಬಿದರು. ಮೂರು ವರ್ಷದ ಕಾಯುವ ಅವಧಿ 2027ಕ್ಕೆ ಮುಗಿಯುತ್ತದೆ.

ಪರದೇಶಕ್ಕೆ ಹೊರಡುವ ಸದಸ್ಯರು ತಮ್ಮ ಪಾಲಿಸಿಯನ್ನು ಸಂತೆಯ ದಿನ ಸಂಘದ ಕಚೇರಿಗೆ ತಂದರೆ, ಕೂತು ಒಟ್ಟಿಗೆ ಓದೋಣ. ನಮ್ಮಲ್ಲಿ ಯಾವ ಕಂಪೆನಿಯ ಏಜೆನ್ಸಿಯೂ ಇಲ್ಲ, ಕಮಿಷನ್ನೂ ಇಲ್ಲ. ಓದುವ ಕನ್ನಡಕ ಮಾತ್ರ ಮರೆಯದೆ ತನ್ನಿ. ಅಕ್ಷರ ಬಹಳ ಸಣ್ಣದು.

ಇತಿ ನಿಮ್ಮವ,
ಕಾರ್ಯದರ್ಶಿ